ಹಗ್ಗ ಹಿಡಿದವನ ಪಾಲು

ಕುಂದಾಪುರದ ಕೋಡಿ ತೀರದಲ್ಲಿ ಕೈರಂಪಣಿ ಬಲೆ ಎಳೆಯುವವರು ಮುಂದಕ್ಕೆ ನಡೆಯುವುದಿಲ್ಲ. ಕಡಲಿಗೆ ಮುಖ ಮಾಡಿ, ಹಗ್ಗವನ್ನು ಸೊಂಟಕ್ಕೆ ಒತ್ತಿಕೊಂಡು, ಹಿಮ್ಮಡಿಯನ್ನು ಮರಳಿಗೆ ಊರುತ್ತಾ ಹಿಂದೆ ಹಿಂದೆ ಬರುತ್ತಾರೆ. ಹಗ್ಗ ಹಿಡಿದವರಿಗೆಲ್ಲ ಮೀನಿನಲ್ಲಿ ಪಾಲು. ಅವರಲ್ಲೊಬ್ಬನಾಗಿದ್ದ ನನ್ನ ಅಣ್ಣ, ಮೀನು ಇಳಿಸುವ ದಕ್ಕೆಯಲ್ಲಿ ಬೋಟಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡ ಮೇಲೂ ಆ ಪಾಲು ಮನೆಗೆ ಬರುತ್ತಿತ್ತು. ಅವನು ಅದನ್ನು ಮುಟ್ಟುತ್ತಿರಲಿಲ್ಲ.

"ಹಗ್ಗ ಹಿಡ್ದಿಲ್ಲೆ, ಪಾಲ್ ಎಂತಕೆ?" ಎನ್ನುತ್ತಿದ್ದ.

ದೂರದ ಆಸ್ಪತ್ರೆಯೊಂದರಲ್ಲಿ ಪ್ರಯೋಗಕ್ಕೆಂದು ಅವನ ಬೆನ್ನುಹುರಿಯ ಮೇಲೆ ವಿದ್ಯುತ್ ತಂತುಗಳನ್ನೂ ಚರ್ಮದಡಿ ಬ್ಯಾಟರಿಯನ್ನೂ ಇಟ್ಟರು. ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ. ಹಾಗೆ ಕೇಳಿಸಿಕೊಂಡವರು ನಾವು. ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ, ಯಂತ್ರ ಚಾಲೂ ಇದ್ದಾಗ ಅವನು ಸರಳು ಹಿಡಿದು ನಿಲ್ಲತೊಡಗಿದ. ಅಭ್ಯಾಸ ಮಾಡಿಸುವಾಕೆ "ಮುಂದೆ" ಎಂದರೆ ಕಾಲು ಕದಲುತ್ತಿರಲಿಲ್ಲ. ಒಂದು ದಿನ ಅವನು ಸರಳನ್ನೇ ಹಗ್ಗದಂತೆ ಜಗ್ಗಿ ಹಿಂದಕ್ಕೆ ವಾಲಿದ. ಎಡಗಾಲು ಹಿಂದೆ ಸರಿಯಿತು. ತಿದ್ದಲು ಬಂದ ಆಕೆ ಅವನ ಹಿಂದಿದ್ದ ಗಾಲಿಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದಳು.

ಎಡಗಾಲು ಎಂದು ಬರೆದೆ. ಬಲಗಾಲು ಎನ್ನುತ್ತಾರೆ ಅತ್ತಿಗೆ. ಇಬ್ಬರೂ ಅಲ್ಲೇ ಇದ್ದೆವು.

ಈ ಸಲ ಮಳೆಗಾಲ ಮುಗಿದ ಮೇಲೆ ಅವನನ್ನು ತೀರಕ್ಕೆ ಕರೆದೊಯ್ದೆವು. ಗಾಲಿಕುರ್ಚಿ ಮರಳಿನಲ್ಲಿ ಹೂತಾಗ ರಂಪಣಿಯವರೇ ಎತ್ತಿ ತಂದರು. ಅತ್ತಿಗೆ ಯಂತ್ರದ ರಿಮೋಟ್ ಒತ್ತಿದರು. ಇಬ್ಬರೂ ಎರಡು ಬದಿಗೆ ಹಿಡಿದು ನಿಲ್ಲಿಸಿ, ಹಗ್ಗವನ್ನು ಅವನ ಕೈಗೆ ಕೊಟ್ಟೆವು.

"ಹ್ವಾಯ್, ಹಗ್ಗ ಬಿಡ್ಬೇಡ ಮಾರಾಯ" ಎಂದ ಪಕ್ಕದವನು.

ಅಣ್ಣನ ಹಿಮ್ಮಡಿ ಮರಳನ್ನು ಗೀರಿತು. ಮತ್ತೊಮ್ಮೆ ಗೀರಿತು. ಅವನು ನಡೆದನೇ, ಅಷ್ಟು ಜನರ ಎಳೆತಕ್ಕೆ ಹಗ್ಗವೇ ಅವನನ್ನು ತಂದಿತೇ? ನನ್ನ ತೋಳಿನ ಮೇಲಿದ್ದ ಅವನ ಭಾರ ಒಂದು ಕ್ಷಣ ಹಗುರಾಯಿತು ಎಂದು ನೆನಪು. ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ನನಗೇ ನಂಬಿಕೆ ಕಡಿಮೆಯಾಗಿದೆ.

ಬಲೆ ದಡಕ್ಕೆ ಬಂದ ಮೇಲೆ, ಕುರ್ಚಿಯಲ್ಲಿ ಕೂತಿದ್ದ ಅವನ ಮಡಿಲಿನ ಬುಟ್ಟಿಗೆ ಬಂಗುಡೆ ಸುರಿದರು.

"ಬ್ಯಾಟ್ರಿಗೂ ಒಂದ್ ಪಾಲ್ ಕೊಡ್ಕಾ?" ಎಂದು ಯಾರೋ ಕೇಳಿದಾಗ ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ನನ್ನ ಕಡೆ ತಿರುಗಿದ.

"ನಾ ಎಳ್ದದ್ದಾ, ಅದ್ ಎಳ್ದದ್ದಾ? ನೀ ಓದ್ದವ, ಹೇಳ್."

"ಗೊತ್ತಿಲ್ಲೆ, ಅಣ್ಣ."

ಅವನು ಬುಟ್ಟಿಗೆ ಕೈ ಹಾಕಿದ. ಅರ್ಧದಷ್ಟನ್ನು ತೆಗೆದು ರಾಶಿಗೆ ಮರಳಿ ಹಾಕಿಸಿದ.

"ಇಷ್ಟ್ ನಂದ್" ಎಂದ.

ಮಧ್ಯಾಹ್ನ ಅತ್ತಿಗೆ ಆ ಬಂಗುಡೆಯ ಸಾರು ಮಾಡಿದರು. ಅವನು ಉಂಡು, ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸರಿಸಿಟ್ಟ.