ರಟ್ಟಿನ ಮೇಲೆ ಹಸಿರು ಹನಿ

ಅಪ್ಪನ ಹಳೆಯ ಕಾರಿನ ಹೆಡ್ ಗ್ಯಾಸ್ಕೆಟ್ ಬದಲಾಯಿಸುವಾಗ ನನ್ನನ್ನು ಯಾರೂ ಕರೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ನನ್ನ ಹೊಟ್ಟೆಕಿಚ್ಚಿಗೆಲ್ಲ ಮೂಲ ಅದೇ.

ಹೊಸೂರಿನಿಂದ ಕೃಷ್ಣಗಿರಿ ಕೋರ್ಟಿಗೆ ಬಾಡಿಗೆ ಹೊಡೆಯುತ್ತಿದ್ದ ಕಾಲದಿಂದಲೂ ಅಪ್ಪ ಗಾಡಿಯ ರಿಪೇರಿಯನ್ನು ತಾನೇ ಮಾಡಿಕೊಂಡವನು. ಅವನು ಬಾನೆಟ್ಟಿನೊಳಗೆ ತಲೆ ಹಾಕಿದರೆ ಟಾರ್ಚ್ ಹಿಡಿಯುವವಳು ನಾನು. ಎಲ್ಲಿ ಬೆಳಕು ಬೇಕೆಂದು ಅವನು ಹೇಳಬೇಕಾಗಿಯೇ ಇರಲಿಲ್ಲ. ತಂಗಿಗೆ ಗ್ರೀಸಿನ ವಾಸನೆಯೇ ಆಗದು. ಆದರೆ ಅವಳು ಕಟ್ಟಿಕೊಂಡದ್ದು ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನನ್ನು. ತುಮಕೂರು ಕಡೆಯವನು, ನಮ್ಮ ಮಹಡಿಯಲ್ಲೇ ಸಂಸಾರ. ಗಾಡಿ ಕುದ್ದು ಹೊಗೆಯಾಡಿದ ದಿನ ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ಅವನನ್ನು ಕೂಗಿದ. ನಾನು ಅಡುಗೆಮನೆಯಲ್ಲೇ ಇದ್ದೆ.

ಮಾವ ಅಳಿಯ ಸೇರಿ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿದರು, ಲೇತ್ ಅಂಗಡಿಗೆ ಒಯ್ದು ಮಟ್ಟ ಮಾಡಿಸಿದರು, ನಡುವೆ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಕೂರಿಸಿದರು. ನನ್ನ ಟಾರ್ಚೂ ಬೇಕಾಗಲಿಲ್ಲ, ಅಳಿಯನ ಹಣೆಗೊಂದು ಲೈಟಿತ್ತು. ಆ ಲೈಟು ಕಂಡರೇ ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ಬೆಳಗ್ಗೆ ಗಾಡಿಯ ಕೆಳಗೆ ಎಂಜಿನ್ ತಣಿಸುವ ಹಸಿರು ಕೂಲೆಂಟ್ ನೀರು ಬಿದ್ದಿತ್ತು. ನನಗಾದ ಖುಷಿ ಅಷ್ಟಿಷ್ಟಲ್ಲ.

"ಅಳಿಯಂದ್ರು ಕೈಯಿಟ್ಟ ಗಾಡಿ ಸೋರ್ತಾ ಐತಲ್ಲಪ್ಪಾ" ಅಂದೆ.

"ಸುಮ್ಕಿರಮ್ಮಿ. ಹೊಸ ಗ್ಯಾಸ್ಕೆಟ್ಟು, ಕೂತ್ಕಳಕ್ಕೆ ಟೈಮ್ ಬೇಕು" ಅಂದ ಅಪ್ಪ.

ಕೂತುಕೊಳ್ಳಲಿಲ್ಲ. ದಿನಾ ರೇಡಿಯೇಟರಿನಲ್ಲಿ ನೀರು ಇಳಿಯುತ್ತಿತ್ತು. ಶಿಫ್ಟಿಗೆ ಹೊರಡುವ ಮುಂಚೆ ಅಳಿಯನೂ ಅಪ್ಪನೂ ಎಂಜಿನ್ ಓಡಿಸಿ ಹುಡುಕುವರು. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿಲ್ಲ, ಆಯಿಲ್ ಬೆಳ್ಳಗಾಗಿಲ್ಲ, ಹಾಗಾಗಿ ಗ್ಯಾಸ್ಕೆಟ್ ಹೋಗಿಲ್ಲ. ವಾಟರ್ ಪಂಪಿನ ಸುತ್ತಲೂ ಒಣಗಿತ್ತು. ಎಂಜಿನ್ ಬಿಸಿಯಿದ್ದಷ್ಟು ಹೊತ್ತು ಒಂದು ಹನಿಯೂ ಇಲ್ಲ. "ನೀವೇನಂತೀರಿ ಅಳಿಯಂದ್ರೇ" ಎಂದು ಅಪ್ಪ ಕೇಳುವುದು ಕಿಟಕಿಯಲ್ಲಿ ನನ್ನ ಕಿವಿಗೆ ಬೀಳುತ್ತಿತ್ತು. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಕೇಳಬೇಕಿತ್ತು.

ನನ್ನ ಹೊಟ್ಟೆಪಾಡೇ ತಪ್ಪು ಹುಡುಕುವುದು. ಬಿಡಿಭಾಗ ಮಾಡುವ ಕಂಪನಿಯಲ್ಲಿ ಇನ್ಸ್‌ಪೆಕ್ಷನ್ ಕೆಲಸ, ಸಣ್ಣ ಗೀರಿದ್ದರೂ ಎತ್ತಿ ಪಕ್ಕಕ್ಕಿಡುತ್ತೇನೆ. ಮಾವಿನಹಣ್ಣಿನ ಖಾಲಿ ಪೆಟ್ಟಿಗೆ ಬಿಡಿಸಿ ಅದರ ರಟ್ಟನ್ನು ಗಾಡಿಯ ಕೆಳಗೆ ಸರಿಸಿದೆ. ಸಂಜೆ ಎಂಜಿನ್ ಬಿಸಿಯಿದ್ದಾಗ ರಟ್ಟು ಒಣಗಿತ್ತು. ಬೆಳಗ್ಗೆ ನೋಡಿದರೆ ಎಂಜಿನ್ನಿನ ಹಿಂಭಾಗಕ್ಕೆ ಸರಿಯಾಗಿ ಒದ್ದೆ. ತಣ್ಣಗಾದಾಗ ಮಾತ್ರ ಸೋರುತ್ತಿದೆ. ಬಿಸಿಗೆ ಹಿಗ್ಗಿ ಬಿಗಿಯಾಗುವ ಜಾಗವನ್ನು ಇವರು ಬಿಸಿಯಲ್ಲೇ ಹುಡುಕುತ್ತಿದ್ದರು. ಕೈ ತೂರಿಸಿದೆ. ಹೆಡ್ಡಿನ ಹಿಂದಿನ ರಬ್ಬರ್ ಪೈಪಿನ ಕ್ಲಿಪ್ಪು ನನ್ನ ಬೆರಳಿಗೇ ಅಲುಗಾಡಿತು.

ಅಳಿಯನ ತಪ್ಪು ಕೊನೆಗೂ ಕೈಗೆ ಸಿಕ್ಕಿತ್ತು. ಅಪ್ಪನನ್ನು ಎಬ್ಬಿಸಲು ಹೊರಟೆ. ಅಷ್ಟರಲ್ಲಿ ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿಳಿದು ಅವನೇ ಗೇಟು ತೆಗೆದ. ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುತ್ತಲೇ ಬಂದ.

"ಕೂಗ್ಬ್ಯಾಡಿ ಅಕ್ಕ, ಮಾವ ಎದ್ಬುಡ್ತಾರೆ. ಹಿಂದ್ಗಡೆ ಕ್ಲಿಪ್ ತಾನೆ? ಶಿಫ್ಟಲ್ಲಿದ್ದಾಗ ಹೊಳೀತು."

"ಬಿಗಿ ಮಾಡ್ದೆ ಬಿಟ್ಟಿದ್ದು ನೀವೇ ತಾನೆ?"

ಅವನು ಬಾನೆಟ್ಟಿನೊಳಗೆ ಬಗ್ಗಿದ. "ಅದು ಮಾವ ಬಿಗಿದಿದ್ದು. ಅವರ ಬಲಗೈಗೆ ಹಿಡಿತ ಇಲ್ಲ ಅಕ್ಕ. ಮದ್ವೆ ಆದಾಗ್ಲಿಂದ ನೋಡ್ತಾ ಇದೀನಿ, ಕಾಫಿ ಲೋಟಾನೂ ಎಡಗೈಲೇ ಎತ್ತೋದು. ಉಳಿದಿದ್ದನ್ನೆಲ್ಲ ಅವರಿಗೆ ಗೊತ್ತಾಗ್ದಂಗೆ ನಾನು ಇನ್ನೊಂದ್ಸಲ ಬಿಗಿದಿದ್ದೆ. ಇದೊಂದು ಕಣ್ತಪ್ಪೋಯ್ತು."

ಆ ಲೋಟಕ್ಕೆ ದಿನಾ ಕಾಫಿ ಸುರಿದು ಕೊಡುವವಳು ನಾನು.

ಅವನ ಹಣೆಯ ಲೈಟು ಮಹಡಿಯಲ್ಲಿತ್ತು. ಟಾರ್ಚ್ ನಾನೇ ಹಿಡಿದೆ. ಎಲ್ಲಿ ಬೆಳಕು ಬೇಕೆಂದು ಅವನು ಪ್ರತಿ ಸಲವೂ ಹೇಳಬೇಕಾಯಿತು. ಕಾರನ್ನು ಬೇಕಾದರೆ ಅವನೇ ಇಟ್ಟುಕೊಳ್ಳಲಿ. ಅಪ್ಪನ ಕೈ ಸೋತದ್ದು ನನಗಿಂತ ಮೊದಲು ಅವನಿಗೆ ಕಂಡಿತಲ್ಲ, ಆ ಹೊಟ್ಟೆಯುರಿ ನನಗೆ ಇವತ್ತಿಗೂ ಆರಿಲ್ಲ.

ಮಾರನೆಯ ದಿನ ಅಪ್ಪ ಬಗ್ಗಿ, ಹೊಸ ಹನಿ ಬೀಳದೆ ಒಣಗಿದ್ದ ರಟ್ಟನ್ನು ಎಳೆದು ನೋಡಿದ.

"ನಾನು ಯೋಳ್ಲಿಲ್ವಾ, ಕೂತ್ಕಂತದೆ ಅಂತ."

"ಹೂಂ ಅಪ್ಪ" ಎಂದು ಕಾಫಿ ಚಾಚಿದೆ. ಅವನ ಬಲಗಡೆಗೇ ಚಾಚಿದೆ. ಅಪ್ಪ ಎಡಗೈಯಲ್ಲಿ ತೆಗೆದುಕೊಂಡ.