ಬೇರೆಯಾದ ಗಂಗಾಳ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಂಚಿಗೆ ಒಂದು ವಾಸನೆಯಿದೆ, ಗಮನಿಸಿದ್ದೀರಾ? ನನ್ನ ಲಗ್ನಕ್ಕೆ ಕಾಕು, ಅಂದರೆ ಚಿಕ್ಕಮ್ಮ, ಕೊಟ್ಟ ಉಣ್ಣುವ ಗಂಗಾಳವನ್ನು ಈ ವಾರವೆಲ್ಲ ತಿಕ್ಕುತ್ತಿದ್ದೇನೆ. ಇನ್ನೇನು ಮಗಳ ಮದುವೆ. ಅವಳಿಗೊಂದು ಮಾತು ಹೇಳಬೇಕು. ನಾಲಿಗೆ ಏಳದೆ ಪಾತ್ರೆ ಬೆಳಗುತ್ತಿದ್ದೇನೆ.

ತೊಂಬತ್ತರ ದಶಕದ ಮಾತು. ಶೇಡಬಾಳದ ನಮ್ಮ ಮನೆಯಲ್ಲಿ ಗಂಡ ಉಂಡೆದ್ದ ಗಂಗಾಳದಲ್ಲೇ ಹೆಂಡತಿ ಉಣ್ಣುವುದು ರೂಢಿ. ಕಬ್ಬಿನ ಲಾರಿ ಓಡಿಸುತ್ತಿದ್ದ ಕಾಕುವಿನ ಗಂಡ, ನನ್ನ ಕಾಕಾನಿಗೆ ಎಚ್‌ಐವಿ ಇದೆಯೆಂದು ಮಿರಜಿನಲ್ಲಿ ರಕ್ತ ನೋಡಿ ಹೇಳಿದರು. ಅವನ ತಾಯಿ, ನಮ್ಮ ಆಯಿ, ಮೊದಲು ಅವನ ಗಂಗಾಳ ಬೇರೆ ಮಾಡಿದಳು. ಆಮೇಲೆ ಲೋಟ, ಟವೆಲ್ಲು, ಕೂರುವ ಮಣೆ. ನೀರು ಸೋಸಿ ಕುಡಿದು, ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನರ ಮನೆ. ಎಚ್ಚರಿಕೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬ ಜಂಬ. ನಾನಂತೂ ಕಾಕಾ ಓದಿಟ್ಟ ಪೇಪರನ್ನು ತುದಿಬೆರಳಲ್ಲಿ ಎತ್ತುತ್ತಿದ್ದೆ. ಕಾಲೇಜಿನಲ್ಲಿ ಓದುತ್ತಿದ್ದದ್ದು ವಿಜ್ಞಾನ ಬೇರೆ!

ಹಾಸಿಗೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಗಂಡ ಹೆಂಡತಿ ಎಂದಿನಂತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಕಾಕುವೂ ಮಿರಜಿಗೆ ಹೋಗಿ ರಕ್ತ ತೋರಿಸಿದಳು. ಸದ್ಯ ಏನೂ ಇಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು ಎಂದರಂತೆ. ಬಂದವಳೇ ಅಡುಗೆಮನೆಯಲ್ಲಿ ಆಯಿಯ ಎದುರು ಕೂತಳು.

“ಅತ್ತಿ, ಗಂಗಾಳ ಬ್ಯಾರೆ ಮಾಡೀರಿ, ಹಾಸಿಗಿ ಒಂದ ಬಿಟ್ಟೀರಿ. ಎಲ್ಲಾ ಉಲ್ಟಾ ಆಗೇತ್ರಿ.”

“ಅಂದ್ರ?”

“ಕೂಡಿ ಉಂಡ್ರ ಇದು ಬರೂದಿಲ್ಲಂತ. ಕೂಡಿ ಮಲಗಿದ್ರ ನಿರೋಧ ಬೇಕಂತ. ಪ್ರತಿ ಸಲ. ಡಾಕ್ಟರ್‌ಬಾಯಾರು ಬಿಡಿಸಿ ಹೇಳ್ಯಾರ.”

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹುಡುಗಿ ಕುಂತಾಳ ಬೇ!”

“ಕೇಳಲಿ ಬಿಡ್ರಿ. ನಾಳೆ ಅಕಿದೂ ಲಗ್ನ ಆಗೂದೈತಿ.”

ಮೆಂತ್ಯೆ ಸೊಪ್ಪು ಸೋಸುತ್ತಿದ್ದ ನಾನು ಗಾಬರಿಯಲ್ಲಿ ದಂಟು ಉಳಿಸಿಕೊಂಡು ಎಲೆ ಎಸೆದೆ.

ಅಂದು ಸಂಜೆ ಕಾಕಾ ಉಂಡೆದ್ದ ಕೂಡಲೇ ಕಾಕು ಅವನ ಗಂಗಾಳ ಎಳೆದುಕೊಂಡು ಕೂತಳು. ಆಯಿ ಅದರಲ್ಲೇ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟಳು. ಕೈತೊಳೆಯಲು ಹೋದ ಕಾಕಾ ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು. ನನಗೂ ಅಳು ಬಂತು, ಖುಷಿಗೆ.

ಮೂರು ತಿಂಗಳ ನಂತರವೂ ಕಾಕುವಿನ ರಕ್ತ ಚೆನ್ನಾಗಿತ್ತು. ಕಾಕಾ ಬಡಕಲಾದರೂ ಈ ರೋಗದ ಗುಳಿಗೆಗಳು ಬರುವ ಕಾಲದವರೆಗೆ ಉಳಿದ. ಈಗಲೂ ಇಬ್ಬರೂ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಾರೆ.

ಗಂಗಾಳ ಸಾಕಷ್ಟು ಹೊಳೆಯುತ್ತಿದೆ. ಕೈ ಒರೆಸಿಕೊಂಡು ಮಗಳನ್ನು ಕರೆದೆ.

“ಏನವ್ವಾ?”

“ಬಾ, ಕುಂದರ್. ಕಾಕು ನನ್ನ ಮುಂದ ಹೇಳಿದ್ದನ್ನ ನಿನಗ ಹೇಳಬೇಕಾಗೇತಿ.”