ತಿಮ್ಮಮ್ಮನ ಕಾಲಿಗೆ ತಿಮ್ಮಮ್ಮನ ಹೆಬ್ಬೆಟ್ಟು

ಸಾತನೂರು ಕಡೆಯ ತಿಮ್ಮಮ್ಮ ರೇಷ್ಮೆಗೂಡು ಮಾರುವುದರಲ್ಲಿ ಗಟ್ಟಿಗಿತ್ತಿ. ಗಂಡ ತೀರಿಕೊಂಡಿದ್ದ. ಊರ ಗಂಡಸರು ಒಬ್ಬೊಬ್ಬರಾಗಿ ಹಾರೋಹಳ್ಳಿ ಕಾರ್ಖಾನೆಗಳ ದಾರಿ ಹಿಡಿದಿದ್ದರು. ಹುಳ ಸಾಕಿ, ಗೂಡನ್ನು ಬಸ್ಸಿಗೆ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವವಳು ಇವಳೇ. ಹರಾಜಿನಲ್ಲಿ ಕೂಗಿದ ಬೆಲೆ ಹಿಡಿಸದಿದ್ದರೆ "ಕೊಡಾಕಿಲ್ಲ" ಎಂದುಬಿಡುತ್ತಿದ್ದಳು. ಕೊಳ್ಳುವವರು ಎಷ್ಟೇ ಮುಖ ಸಿಂಡರಿಸಲಿ, ಗೂಡು ಮತ್ತೆ ಹರಾಜಿಗೆ ಹೋಗಲೇಬೇಕಿತ್ತು.

ಇಂಥವಳ ಎಡಗಾಲಿಗೆ ಎರಡು ಸಾವಿರದ ಆರನೇ ಇಸವಿಯಲ್ಲಿ ಹಿಪ್ಪುನೇರಳೆ ತೋಟದಲ್ಲಿ, ಕೊಯ್ದು ಉಳಿದ ಕಡ್ಡಿಯ ಕೂಳೆ ಚುಚ್ಚಿತು. ಮೈಯಲ್ಲಿ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ, ಎರಡು ಬೆರಳು ಕಪ್ಪಾದವು. ಭಾವ ಕರಿಯಯ್ಯ ಅವಳನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿದ.

ನಮ್ಮ ಕಡೆ ಆಪರೇಷನ್ ಕಾಗದವೆಂದರೆ 'ಸತ್ತರೆ ನಾವು ಜವಾಬ್ದಾರರಲ್ಲ' ಅನ್ನುವ ಕಾಗದ, ಅಷ್ಟೇ. ಅದನ್ನು ರೋಗಿಗೆ ತೋರಿಸುವುದು ಅಪಶಕುನ. ಮನೆಯ ಹಿರಿಯ ಗಂಡಸು ವರಾಂಡದಲ್ಲೇ ಹೆಬ್ಬೆಟ್ಟು ಒತ್ತಿ, ಒಳಗೆ ಬಂದು "ಏನೂ ಇಲ್ಲ ಕಣವ್ವ" ಅನ್ನಬೇಕು. ಕರಿಯಯ್ಯನೂ ಹಾಗೇ ಮಾಡಿದ. ಪಾಪ, ಪ್ರೀತಿಯಿಂದಲೇ. ಪ್ರೀತಿಯಿಂದ ಮಾಡಿದರೂ ತಪ್ಪು ತಪ್ಪೇ.

ನರ್ಸ್ ಮುನವ್ವರಾ ಬಂದು ಮಂಡಿಯವರೆಗೂ ಕಾಲು ತೊಳೆಯತೊಡಗಿದಳು.

"ಬೆರಳಿಗೆ ತಾನೇ ಆಗಿರಾದು? ಮಂಡಿಗಂಟ ಯಾಕವ್ವ?"

ಮುನವ್ವರಾ ತಬ್ಬಿಬ್ಬಾದಳು. "ನಿಮಗೆ ಹೇಳಿಲ್ವಾ? ಮಂಡಿ ಕೆಳಗೆ ತೆಗೀತಾರೆ. ನಿಮ್ ಭಾವ ಒಪ್ಪವ್ರೆ."

ತಿಮ್ಮಮ್ಮ ಎದ್ದು ಕುಳಿತಳು. "ಡಾಕ್ಟ್ರುನ್ನ ಕರಿ."

ಡಾಕ್ಟರು ಬಂದರು. ಹಿಂದೆಯೇ ಕರಿಯಯ್ಯನೂ ಓಡಿಬಂದ. "ಸುಮ್ಕಿರವ್ವ, ದೊಡ್ಡೋರು ನಾವಿಲ್ವಾ?"

"ಬಾವ, ಒಂದು ಬುಟ್ಟಿ ಗೂಡು ಕೊಡಾಕೇ ನನ್ನ ಕೇಳ್ತಾರೆ. ನನ್ ಕಾಲು ಕೊಡಾಕೆ ನಿಮ್ಮುನ್ನ ಕೇಳ್ಬುಟ್ರಾ?"

ಡಾಕ್ಟರ ಮುಖ ಕೆಂಪಾಯಿತು. ಆದರೂ ಒಳ್ಳೆಯ ಮನುಷ್ಯ, ಸ್ಟೂಲು ಎಳೆದುಕೊಂಡು ಕುಳಿತು ಬಿಡಿಸಿ ಹೇಳಿದರು. ಮಂಡಿ ಕೆಳಗೆ ತೆಗೆದರೆ ಹೆಚ್ಚುಕಡಿಮೆ ಒಂದೇ ಸಲಕ್ಕೆ ಮುಗಿಯುತ್ತದೆ. ಬರೀ ಎರಡು ಬೆರಳು ತೆಗೆದೂ ನೋಡಬಹುದು. ಆದರೆ ಕೊಳೆತ ಮೇಲೇರಿದರೆ ಕಾಲಿಗಷ್ಟೇ ಅಲ್ಲ, ಜೀವಕ್ಕೇ ಸಂಚಕಾರ. ತಿಮ್ಮಮ್ಮ ಇನ್ನೊಂದು ಸಲ ಹೇಳಿಸಿಕೊಂಡಳು. ಹೆದರಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಬೆರಳು ತಗೀರಿ. ಮೇಲಕ್ಕೋಗೋ ಅಂಗಿದ್ರೆ ತಿರ್ಗ ಬಂದು ನನ್ನೇ ಕೇಳಿ."

ಡಾಕ್ಟರು ಹಳೆಯ ಕಾಗದ ರದ್ದು ಮಾಡಿ, ಹೊಸದರಲ್ಲಿ ಅದನ್ನೇ ಬರೆದರು. ಮುನವ್ವರಾ ಓದಿ ಹೇಳಿದ ಮೇಲೆ ತಿಮ್ಮಮ್ಮ ಹೆಬ್ಬೆಟ್ಟು ಒತ್ತಿದಳು.

ಎರಡು ಬೆರಳು ತೆಗೆದ ಹನ್ನೊಂದನೆಯ ದಿನ ಮೂರನೆಯ ಬೆರಳೂ ಕಪ್ಪಾಯಿತು. "ನಾ ಹೇಳ್ನಿಲ್ವಾ!" ಎಂದು ಕರಿಯಯ್ಯ ತಲೆ ಚಚ್ಚಿಕೊಂಡ. ಡಾಕ್ಟರು ಅವನನ್ನು ದಾಟಿ ನೇರವಾಗಿ ಮಂಚದ ಬಳಿಗೆ ಹೋದರು.

"ತಿಮ್ಮಮ್ಮ, ಇನ್ನೊಂದು ಬೆರಳು ತೆಗೀಬೇಕು. ಕಾಲು ಉಳಿಯೋ ಹಾಗಿದೆ. ಏನಂತೀರಿ?"

ಮದುವೆಗಾಗಲಿ, ಮಕ್ಕಳಾಗದ ಆಪರೇಷನ್ನಿಗಾಗಲಿ ಯಾರೂ ಅವಳನ್ನು ಕೇಳಿರದ ಮಾತು ಅದು. ಅವಳು ಸೆರಗು ಸರಿಮಾಡಿಕೊಂಡು, ಡಾಕ್ಟರನ್ನು ತುಸು ಕಾಯಿಸಿಯೇ "ತಗೀರಿ" ಎಂದಳು.

ಕಾಲು ಉಳಿಯಿತು. ಊರಲ್ಲಿ ನೋಡಲು ಬಂದ ಹೆಂಗಸರೆಲ್ಲ ಬೆರಳು ಹೋದದ್ದಕ್ಕೆ ಲೊಚಗುಟ್ಟಿದರು. ತಿಮ್ಮಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಎಲ್ಡನೇ ಸಲ ಡಾಕ್ಟ್ರೇ ಬಂದು ನನ್ನ ಕೇಳುದ್ರು ಕಣ್ರವ್ವ," ಎಂದಳು.